ಸಂತೆಗುಳಿಯ ಮಳೆಗಾಲದಿಂದ ದುಬೈ ಬೇಸಗೆಗೆ: ಹೊಸದಾಗಿ ಹೊರಟವರಿಗೆ

ವೀಸಾಕ್ಕೆ ಕಾಲವೆಂಬುದಿಲ್ಲ. ಜೂನ್ ಕೊನೆಯಲ್ಲಿ ಕುಮಟಾ ಸೀಮೆಯ ಗದ್ದೆಗಳಲ್ಲಿ ನಾಟಿ ನಡೆದಿರುವಾಗ, ಸಂತೆಗುಳಿಯಲ್ಲಿ ಕೊಡೆಯಿಲ್ಲದೆ ಹೊರಗೆ ಕಾಲಿಡಲಾಗದ ಹೊತ್ತಿಗೇ ಟಿಕೆಟ್ ಕೈಗೆ ಬರುತ್ತದೆ. ಮಂಗಳೂರಿನಲ್ಲೋ ಗೋವಾದಲ್ಲೋ ವಿಮಾನ ಹತ್ತಿದರೆ ಮೂರು, ಮೂರೂವರೆ ಗಂಟೆಯ ದಾರಿ. ಇಳಿದ ಜಾಗದಲ್ಲಿ ನಡುರಾತ್ರಿಯಾದರೂ ಮುಖಕ್ಕೆ ಬಿಸಿಗಾಳಿ ಹೊಡೆಯುತ್ತದೆ. ಹೊಸಬರು ಬಳಲುವುದು ಇಲ್ಲೇ. ಅದರಲ್ಲೂ ‘ನಮ್ಮಲ್ಲೇನು ಸೆಕೆ ಇಲ್ಲವಾ’ ಎಂದು ಹೋದವರು ಎಲ್ಲರಿಗಿಂತ ಹೆಚ್ಚು ಬಳಲುತ್ತಾರೆ.

ನಮ್ಮ ಕರಾವಳಿಗೆ ಗಲ್ಫಿನ ಆ ತೀರ ಹೊಸದಲ್ಲ. ಅರಬರ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿಯುತ್ತಿದ್ದವು. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ಉಳಿದು ಹೋದ. 1966ರವರೆಗೂ ದುಬೈ ಪೇಟೆಯಲ್ಲಿ ನಡೆಯುತ್ತಿದ್ದುದು ರೂಪಾಯಿಯೇ. ಆ ವರ್ಷ ಎಣ್ಣೆ ಸಿಕ್ಕ ಮೇಲೆ ಊರು ಬೆಳೆದ ವೇಗವೇ ಬೇರೆ: 1968ರ ಜನಗಣತಿಯಲ್ಲಿ ಅರವತ್ತು ಸಾವಿರದಷ್ಟಿದ್ದ ಜನ ಈಗ 35 ಲಕ್ಷ ದಾಟಿದ್ದಾರೆ. ಭಟ್ಕಳದ ನವಾಯತರ ಮನೆಗಳಲ್ಲಿ ಅಲ್ಲಿಯ ಬದುಕಿನ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಮನೆಯಿಂದ ಮೊದಲ ಬಾರಿಗೆ ಹೊರಟ ಸಂತೆಗುಳಿಯ ಹುಡುಗನಿಗೆ ಹಾಗೆ ಹೇಳಿಕೊಡುವವರು ಇರುವುದಿಲ್ಲ.

ಅಲ್ಲಿಯ ಸೆಕೆ ಬೇರೆ, ಏಕೆ?

ನಮ್ಮ ಚರ್ಮದ ಶಾಖ ಸುಮಾರು 35 ಡಿಗ್ರಿ. ಕುಮಟಾದಲ್ಲಿ ಏಪ್ರಿಲ್‌ನ ಮಧ್ಯಾಹ್ನವೂ ಗಾಳಿ ಹೆಚ್ಚಾಗಿ ಅದಕ್ಕಿಂತ ತುಸು ಕೆಳಗೇ ಇರುತ್ತದೆ. ಹಾಗಾಗಿ ಫ್ಯಾನ್ ಹಾಕಿದರೆ, ಜಗಲಿಯಲ್ಲಿ ಕೂತರೆ ಗಾಳಿ ಮೈಯ ಕಾವನ್ನು ಎಳೆದುಕೊಂಡು ಹೋಗುತ್ತದೆ. ದುಬೈನಲ್ಲಿ ಜುಲೈ, ಆಗಸ್ಟ್ ಮಧ್ಯಾಹ್ನ 40 ಡಿಗ್ರಿ ದಾಟುವುದು ದಿನನಿತ್ಯದ ಮಾತು, 45 ದಾಟುವ ದಿನಗಳೂ ಇವೆ. ಗಾಳಿ ಮೈಗಿಂತ ಬಿಸಿಯಾದಾಗ ಅದು ಕಾವನ್ನು ಒಯ್ಯುವುದಿಲ್ಲ, ತಂದು ಹಾಕುತ್ತದೆ. ಊರಿನಲ್ಲಿ ಕಲಿತ ‘ಗಾಳಿಗೆ ಕೂತುಕೋ’ ಎಂಬ ಉಪಾಯ ಅಲ್ಲಿ ತಿರುಗಿ ಬೀಳುತ್ತದೆ. ಆಗ ಮೈ ತಂಪಾಗಲು ಉಳಿದಿರುವ ದಾರಿ ಬೆವರು ಆರುವುದೊಂದೇ.

ಆ ಬೆವರಿನ ಆಟವೂ ಎರಡು ಬಗೆ. ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸುವ ದಿನ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಹುಟ್ಟುತ್ತಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗಿಲ್ಲ ಎಂದು ನೀರು ಕುಡಿಯದೆ ಇರುತ್ತೀರಿ. ಸಂಜೆ ಅಂಗಿ ಬಿಚ್ಚಿ ನೋಡಿದರೆ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ಎದ್ದಿರುತ್ತದೆ. ಮೈಯಿಂದ ಎಷ್ಟು ಹೋಯಿತು ಎಂಬುದರ ಲೆಕ್ಕ ಅದು.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಮುದ್ರದ ಕಡೆಯ ಗಾಳಿ ಬಂದಾಗ ಇದು ತಿರುವುಮುರುವು. ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ಸುಮ್ಮನೆ ಸುರಿಯುತ್ತದೆ. ಇದನ್ನು ತಿಳಿಯಲು ಯಂತ್ರ ಬೇಕಾಗಿಲ್ಲ, ಕನ್ನಡಕ ಸಾಕು. ಎಸಿ ಇರುವ ಮೆಟ್ರೊ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ತಂಪಾದ ಗಾಜಿನ ಮೇಲೆ ಮಂಜು ಕಟ್ಟಿ ಕಣ್ಣು ಕಾಣದಾದರೆ ಅಂದಿನ ಗಾಳಿ ಬೆವರನ್ನು ಹೀರುವುದಿಲ್ಲ ಎಂದೇ ತಿಳಿಯಿರಿ. ಕನ್ನಡಕ ಇಲ್ಲದವರು ಮೊಬೈಲಿನ ಗಾಜು ನೋಡಬಹುದು. ಅಂಥ ದಿನ ಥರ್ಮಾಮೀಟರ್ 36 ತೋರಿಸಿದರೂ 43ರ ಒಣದಿನಕ್ಕಿಂತ ಅಪಾಯ ಹೆಚ್ಚಿರಬಹುದು. ನಡಿಗೆ ನಿಧಾನ ಮಾಡಿ, ಭಾರದ ಕೆಲಸವನ್ನು ಬೆಳಗಿನ ಹೊತ್ತಿಗೆ ತಳ್ಳಿ.

ಮೊದಲ ಎರಡು ವಾರ

ಮೈ ಈ ಬಿಸಿಗೆ ಪಳಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಬಿಸಿಲಿನ ಕೆಲಸದಲ್ಲಿ ಮೊದಲ ದಿನಗಳೇ ಹೆಚ್ಚು ಅಪಾಯದವು ಎನ್ನುವುದು ಇದೇ ಕಾರಣಕ್ಕೆ.

1. ಹೊಸಬರು ಮೊದಲ ದಿನ ಪೂರ್ಣ ಕೆಲಸದ ಐದನೇ ಒಂದು ಪಾಲಷ್ಟೇ ಬಿಸಿಲಿನಲ್ಲಿ ಮಾಡಬೇಕು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಬೇಕು ಎಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಸಲಹೆ. ಸೂಪರ್‌ವೈಸರ್ ಇದನ್ನು ತಾನಾಗಿ ಹೇಳುತ್ತಾನೆ ಎಂದು ಕಾಯಬೇಡಿ. ‘ಹೊಸಬ, ನೆರಳಿನ ಕೆಲಸ ಕೊಡಿ’ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ.

2. ಬಿಸಿಲಿನಲ್ಲಿ ಇರುವಷ್ಟು ಹೊತ್ತು 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು. ಬಾಯಾರಿಕೆ ಬರಲೆಂದು ಕಾಯಬೇಡಿ, ಅದು ತಡವಾಗಿ ಬರುತ್ತದೆ. ಹಾಗೆಂದು ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅದೇ ಬೇರೆ ತೊಂದರೆ.

3. ನೀರಿನ ಜೊತೆ ಉಪ್ಪೂ ಹೋಗಬೇಕು. ಊರಿನ ಗಂಜಿ ತಿಳಿ, ಉಪ್ಪು ಹಾಕಿದ ಮಜ್ಜಿಗೆ ಇದನ್ನೇ ಮಾಡುತ್ತಿದ್ದವು. ಅಲ್ಲಿಯ ಅಂಗಡಿಗಳಲ್ಲಿ ‘ಲಬನ್’ ಎಂದು ಬಾಟಲಿಯಲ್ಲಿ ಸಿಗುವುದು ನಮ್ಮ ಮಜ್ಜಿಗೆಗೆ ಹತ್ತಿರದ್ದು. ಮನೆಯಿಂದ ಒಣಗಿಸಿದ ಮುರುಗಲು ಸಿಪ್ಪೆ ಒಯ್ದರೆ ಬೇಸಗೆಯಿಡೀ ಪಾನಕಕ್ಕೆ ಆಗುತ್ತದೆ, ಒಂದು ಚಿಟಿಕೆ ಉಪ್ಪು ಮರೆಯಬೇಡಿ. ತೀರಾ ಸುಸ್ತಾದಾಗ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಿಪಿ ಇದ್ದವರು ಉಪ್ಪಿನ ವಿಷಯ ವೈದ್ಯರನ್ನು ಕೇಳಿಯೇ ಹೊರಡಿ.

4. ಮೂತ್ರದ ಬಣ್ಣ ನೋಡಿ. ತಿಳಿಹಳದಿ ಇದ್ದರೆ ಸರಿ, ಕಡುಹಳದಿಯಾದರೆ ನೀರು ಸಾಲದು. ಗಲ್ಫಿನಿಂದ ಬಂದ ಎಷ್ಟೋ ಜನರಿಗೆ ಮೂತ್ರಪಿಂಡದ ಕಲ್ಲಿನ ಕಾಟ ಇರುವುದಕ್ಕೆ ಈ ನೀರಿನ ಕೊರತೆಯೂ ಒಂದು ಕಾರಣ.

5. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ತೆರೆದ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಯುಎಇ ಕಾನೂನು. ಮೀರಿದ ಕಂಪನಿಗೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಮ್‌ನಂತೆ ದಂಡ ಬೀಳುತ್ತದೆ.

ಎಚ್ಚರಿಕೆ: ತಲೆಸುತ್ತು, ಸೆಳೆತ, ವಾಂತಿ ಬಂದರೆ ಕೆಲಸ ಬಿಟ್ಟು ತಂಪಿಗೆ ಹೋಗಿ. ಜೊತೆಯವನು ಅಸಂಬದ್ಧ ಮಾತಾಡತೊಡಗಿದರೆ, ಮೈ ಕಾದಿದ್ದರೆ, ಅದು ಬಿಸಿಲಾಘಾತ. 998ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬಾರದು.

ಹಳಬರೂ ಒಂದು ಮಾತು ಕೇಳಬೇಕು. ಆಗಸ್ಟ್‌ನಲ್ಲಿ ರಜೆಗೆ ಬಂದು, ಊರಿನ ಮಳೆಯಲ್ಲಿ ಕೆಲವು ವಾರ ಕಳೆದು ಹೋದರೆ ಪಳಗಿದ್ದ ಮೈ ಮತ್ತೆ ಹೊಸದಾಗುತ್ತದೆ. ‘ಹತ್ತು ವರ್ಷದಿಂದ ಇದ್ದೇನೆ’ ಎಂಬುದನ್ನು ಬಿಸಿಲು ಕೇಳುವುದಿಲ್ಲ. ಅವರೂ ಮೊದಲ ವಾರ ನಿಧಾನಕ್ಕೇ ಶುರು ಮಾಡಬೇಕು.

ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು

ಜುಲೈ ಮಧ್ಯಾಹ್ನ ಬಚ್ಚಲಿಗೆ ಹೋಗಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ತಾರಸಿಯ ಮೇಲಿನ ಟ್ಯಾಂಕ್ ಇಡೀ ದಿನ ಬಿಸಿಲಿನಲ್ಲಿ ಕಾದಿರುತ್ತದೆ, ಅದರ ನೀರೇ ಆ ನಲ್ಲಿಗೆ ಬರುವುದು. ಅಲ್ಲಿಯವರ ಉಪಾಯ ಸರಳ: ಮೇ ತಿಂಗಳಿನಲ್ಲಿ ಗೀಸರ್ ಆರಿಸಿಬಿಡುತ್ತಾರೆ. ಗೀಸರ್ ಇರುವುದು ಮನೆಯೊಳಗೆ, ಎಸಿಯ ತಂಪಿನ ಆಸುಪಾಸಿನಲ್ಲಿ. ಅದರೊಳಗೆ ನಿಂತ ನೀರು ನಿಧಾನಕ್ಕೆ ಆರಿ ಕೋಣೆಯ ಶಾಖಕ್ಕೆ ಇಳಿಯುತ್ತದೆ. ಆಮೇಲೆ ‘ಬಿಸಿನೀರಿನ’ ನಲ್ಲಿ ತಿರುಗಿಸಿದರೆ ತಣ್ಣೀರು ಬರುತ್ತದೆ! ಹೊಸದಾಗಿ ಹೋದವರಿಗೆ ಯಾರಾದರೂ ಇದನ್ನು ಹೇಳುವವರೆಗೆ ಗೊತ್ತೇ ಆಗುವುದಿಲ್ಲ.

ಆದರೆ ಗೀಸರಿನಲ್ಲಿ ಹಿಡಿಯುವುದು ಒಂದೆರಡು ಕೊಡಪಾನವಲ್ಲದಿದ್ದರೂ ಇಬ್ಬರ ಸ್ನಾನಕ್ಕೆ ಮುಗಿಯುತ್ತದೆ. ಖಾಲಿಯಾದಂತೆ ತುಂಬಿಕೊಳ್ಳುವುದು ಮತ್ತೆ ತಾರಸಿಯ ಬಿಸಿನೀರೇ, ಅದು ಆರಲು ತಾಸುಗಟ್ಟಲೆ ಬೇಕು. ಕೋಣೆಯಲ್ಲಿ ಆರು ಜನ ಇದ್ದರೆ ಮೊದಲೇ ಪಾಳಿ ಮಾಡಿಕೊಳ್ಳಿ. ಇಲ್ಲವೇ ರಾತ್ರಿ ಬಕೆಟ್ ತುಂಬಿಸಿ ಎಸಿ ಇರುವ ಕೋಣೆಯ ಮೂಲೆಯಲ್ಲಿಟ್ಟರೆ ಬೆಳಗಿನ ಸ್ನಾನಕ್ಕೆ ತಣ್ಣಗಿರುತ್ತದೆ.

ಎಸಿಯನ್ನು 18ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂಬುದು ತಪ್ಪು ಕಲ್ಪನೆ, ಯಂತ್ರ ಅಷ್ಟೇ ವೇಗದಲ್ಲಿ ಓಡುತ್ತದೆ. 24ರಲ್ಲಿ ಇಡಿ. ಬಿಲ್ಲೂ ಇಳಿಯುತ್ತದೆ, ಹೊರಗೆ ಕಾಲಿಟ್ಟಾಗ ಮೈಗೆ ಆಘಾತವೂ ಕಡಿಮೆ.

ಪೆಟ್ಟಿಗೆಯಲ್ಲಿ ಇರಬಾರದ್ದು

ಈ ಭಾಗವನ್ನು ಪೆಟ್ಟಿಗೆ ತುಂಬುವ ಆಯಿ, ಅಕ್ಕಂದಿರು ಓದಬೇಕು. ಏಕೆಂದರೆ ನಮ್ಮ ಮನೆಗಳಲ್ಲಿ ಯಾರಿಗೂ ತಪ್ಪೆನಿಸದ ಸಾಮಾನುಗಳೇ ಅಲ್ಲಿ ಅಪರಾಧ.

ಮೊದಲನೆಯದು ಗಸಗಸೆ. ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ ಯುಎಇಯಲ್ಲಿ ಅದು ಮಾದಕವಸ್ತುಗಳ ಸಾಲಿನಲ್ಲಿದೆ, ಇದಕ್ಕಾಗಿ ಜೈಲು ಕಂಡವರಿದ್ದಾರೆ. ಡಬ್ಬದಲ್ಲಿ ಬೇರೆಯಾಗಿ ಇಡದಿದ್ದರೆ ಸಾಲದು. ಮನೆಯಲ್ಲಿ ಹುರಿದು ಬೀಸಿದ ಮಸಾಲೆ ಪುಡಿಯಲ್ಲಿ, ಕರ್ಜಿಕಾಯಿಯ ಹೂರಣದಲ್ಲಿ ಗಸಗಸೆ ಬಿದ್ದಿದೆಯೇ ನೋಡಿ.

ಎರಡನೆಯದು ಕವಳ. ಊಟವಾದ ಮೇಲೆ ಕವಳ ಹಾಕದಿದ್ದರೆ ಊಟವೇ ಆಗಲಿಲ್ಲ ಎನ್ನುವ ಸೀಮೆ ನಮ್ಮದು. ಅಲ್ಲಿ ವೀಳ್ಯದೆಲೆ, ಪಾನ್ ಸಾಮಾನು ತರುವುದು ನಿಷೇಧ, ಬೀದಿಯಲ್ಲಿ ಉಗುಳಿದರೆ ದಂಡ ಬೇರೆ. ಎಲೆ, ಅಡಿಕೆ, ಹೊಗೆಸೊಪ್ಪು ಯಾವುದೂ ಬೇಡ. ಚಟ ಇದ್ದವರು ಹೊರಡುವ ತಿಂಗಳ ಮೊದಲೇ ಬಿಡಲು ಶುರು ಮಾಡಿದರೆ ಒಳ್ಳೆಯದು, ಬಿಸಿಲು ಮತ್ತು ಚಟದ ಹಪಹಪಿ ಎರಡನ್ನೂ ಒಟ್ಟಿಗೇ ಎದುರಿಸುವುದು ಕಷ್ಟ.

ಔಷಧಿ ವಿಷಯ: ಕೋಡಿನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳಿಗೆ ಅಲ್ಲಿಯ ಆರೋಗ್ಯ ಸಚಿವಾಲಯದ ಮುಂಗಡ ಅನುಮತಿ ಬೇಕು. ಉಳಿದ ಮಾತ್ರೆಗಳೂ ಚೀಟಿಯ ಜೊತೆಗೆ, ಮೂಲ ಪ್ಯಾಕೆಟ್ಟಿನಲ್ಲೇ ಇರಲಿ. ಹೆಸರಿಲ್ಲದ ಚೂರ್ಣ, ಕಷಾಯದ ಪುಡಿ ಮನೆಯಲ್ಲೇ ಇರಲಿ. ಒಣಕೊಬ್ಬರಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನಯಾನದ ನಿಯಮದಲ್ಲಿದೆ, ಅದನ್ನೂ ಬಿಡಿ. ಕುಚ್ಚಲಕ್ಕಿ, ಬಂಗಡೆ, ತೆಂಗಿನಕಾಯಿ ಎಲ್ಲ ಅಲ್ಲೇ ಸಿಗುತ್ತವೆ, ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ.

ಇನ್ನೊಂದು, ಎಲ್ಲಕ್ಕಿಂತ ಕಷ್ಟದ್ದು. ‘ನಮ್ಮ ಹುಡುಗನಿಗೊಂದು ಸಣ್ಣ ಪೊಟ್ಟಣ, ತಮ್ಮಾ’ ಎಂದು ನೆರೆಯವರು ತಂದು ಕೊಡುತ್ತಾರೆ. ಒಳಗೇನಿದೆ ಎಂದು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಬಿಚ್ಚಲು ಸಂಕೋಚವಾದರೆ ತೂಕ ಹೆಚ್ಚಾಯಿತೆಂದು ಹೇಳಿಬಿಡಿ. ನಿಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ನಿಮ್ಮದೇ ಎಂದು ಕಸ್ಟಮ್ಸ್‌ನವರು ಲೆಕ್ಕ ಹಿಡಿಯುತ್ತಾರೆ.

ಕಾಗದ ಪತ್ರ, ಸಂಬಳ

ವಿಸಿಟ್ ವೀಸಾದಲ್ಲಿ ಹೋಗಿ ‘ಆಮೇಲೆ ಬದಲಾಯಿಸಿಕೊಡುತ್ತೇವೆ’ ಎನ್ನುವವರನ್ನು ನಂಬಬೇಡಿ. ಆ ವೀಸಾದಲ್ಲಿ ದುಡಿಯುವುದೇ ಅಲ್ಲಿ ಕಾನೂನುಬಾಹಿರ, ಸಂಬಳ ಸಿಗದಿದ್ದರೆ ದೂರು ಕೊಡಲೂ ನಿಮಗೆ ನೆಲೆಯಿರುವುದಿಲ್ಲ.

1. ಏಜೆಂಟ್ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿದ್ದಾನೆಯೇ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೇಳಿ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಎಂದು ಯುಎಇಯ 2021ರ ಕಾರ್ಮಿಕ ಕಾನೂನೂ ಹೇಳುತ್ತದೆ.

2. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಇಸಿಆರ್ ಗುರುತು ಇರುತ್ತದೆ. ಅವರು ಕೆಲಸಕ್ಕೆ ಹೋಗಲು ಎಮಿಗ್ರೇಶನ್ ಒಪ್ಪಿಗೆ ಬೇಕು, ಜೊತೆಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ವಿಮೆಯೂ ಆಗುತ್ತದೆ. ಇದನ್ನು ತಪ್ಪಿಸಲು ಅಡ್ಡದಾರಿ ಹೇಳುವವನು ನಿಮ್ಮ ವಿಮೆಯನ್ನೇ ತಪ್ಪಿಸುತ್ತಿದ್ದಾನೆ.

3. ಅಲ್ಲಿ ಇಳಿದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಇರುತ್ತದೆ. ಅದರಲ್ಲಿ ತೊಂದರೆ ಕಂಡರೆ ಅಲ್ಲಿಯ ಕೆಲಸ ತಪ್ಪಬಹುದು, ಹಾಗಾಗಿ ಇದ್ದ ಕೆಲಸ ಬಿಡುವ ಮೊದಲೇ ಊರಿನಲ್ಲಿ ಒಮ್ಮೆ ಎಕ್ಸ್‌ರೇ ತೆಗೆಸಿ ನೋಡಿಕೊಳ್ಳುವುದು ಜಾಣತನ.

4. ಆಫರ್ ಲೆಟರಿನಲ್ಲಿ ಒಟ್ಟು ಸಂಬಳಕ್ಕಿಂತ ಬೇಸಿಕ್ ಎಷ್ಟೆಂದು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಒಟ್ಟು 1,800 ದಿರ್ಹಮ್ ಇಬ್ಬರಿಗೂ ಇರಲಿ. ಬೇಸಿಕ್ 1,000 ಇದ್ದವನಿಗೆ ವರ್ಷಕ್ಕೆ 700 ಬಂದರೆ 1,500 ಇದ್ದವನಿಗೆ 1,050 ಬರುತ್ತದೆ. ವಾರದ ರಜೆ ಯಾವ ದಿನ, ಎಷ್ಟು ದಿನ ಎಂಬುದನ್ನೂ ಓದಿ. 2022ರಿಂದ ಅಲ್ಲಿ ಸರ್ಕಾರಿ ವಾರದ ರಜೆ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರದವರೆಗೆ, ಖಾಸಗಿಯವರಲ್ಲಿ ಅನೇಕರು ಕೊಡುವುದು ಒಂದೇ ದಿನ.

5. ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಆದರೂ ಅದರ ಮತ್ತು ವೀಸಾದ ಒಂದೊಂದು ನಕಲು ಊರಿನ ಮನೆಯಲ್ಲಿರಲಿ.

ಹಣದ ವಿಷಯ ಚುಟುಕಾಗಿ: ಕೆಲಸಕ್ಕೆಂದು ಹೊರದೇಶಕ್ಕೆ ಹೋದ ಮೇಲೆ ಕುಮಟಾ ಬ್ಯಾಂಕಿನ ನಿಮ್ಮ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆ ಮಾಡಿಸಬೇಕು, ಅಲ್ಲಿಯ ದುಡಿಮೆ ಕಳಿಸಲು ಎನ್‌ಆರ್‌ಇ ತೆರೆಯಬೇಕು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ಆದಾಯ ತೆರಿಗೆಯಿಲ್ಲ. ಕೈಯಿಂದ ಕೈಗೆ ದಾಟುವ ಹುಂಡಿಗೆ ಹೋಗಬೇಡಿ, ನಾಳೆ ಜಾಗ ಕೊಳ್ಳುವಾಗ ಹಣ ಎಲ್ಲಿಂದ ಬಂತೆಂಬುದಕ್ಕೆ ಕಾಗದ ಇರುವುದಿಲ್ಲ. ದಿರ್ಹಮ್ ಡಾಲರಿಗೆ 3.6725ರಂತೆ ಕಟ್ಟಿಕೊಂಡಿರುವುದರಿಂದ, ರೂಪಾಯಿ ಡಾಲರಿನೆದುರು ಇಳಿದ ದಿನ ಕಳಿಸಿದರೆ ನಿಮಗೆ ಹೆಚ್ಚು ಬರುತ್ತದೆ.

ರಸ್ತೆ, ಮೆಟ್ರೊ

ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಹುಟ್ಟಿದಾಗಿನಿಂದ ಬಲಕ್ಕೆ ನೋಡಿ ದಾಟುವ ನಮ್ಮ ಕತ್ತು ಅಲ್ಲಿ ಮೊದಲು ಎಡಕ್ಕೆ ತಿರುಗಬೇಕು. ಗುರುತು ಮಾಡಿದ ಜಾಗದಲ್ಲೇ ದಾಟಿ. ಅಡ್ಡಾದಿಡ್ಡಿ ದಾಟಿದರೆ 400 ದಿರ್ಹಮ್ ದಂಡ, ವೇಗದ ಹೆದ್ದಾರಿಗಳಲ್ಲಿ ಶಿಕ್ಷೆ ಇನ್ನೂ ಕಠಿಣ. 2009ರ ಸೆಪ್ಟೆಂಬರ್ 9ರಂದು ಶುರುವಾದ ಮೆಟ್ರೊ ಬೇಸಗೆಯಲ್ಲಿ ಬಡವರ ತಂಪುಮನೆಯೂ ಹೌದು. ಪ್ರಯಾಣಕ್ಕೆ ಬೇಕಾಗುವ ನೋಲ್ ಕಾರ್ಡ್ ಮಾಡಿಸಿ, ಸಿಲ್ವರ್ ಕಾರ್ಡಿನಲ್ಲಿ ದೂರಕ್ಕೆ ತಕ್ಕಂತೆ 3, 5, ಇಲ್ಲವೇ 7.50 ದಿರ್ಹಮ್. ಹತ್ತುವಾಗ, ಇಳಿಯುವಾಗ ಎರಡು ಸಲವೂ ಒತ್ತಬೇಕು. ಗಾಡಿಯೊಳಗೆ ನೀರು ಕುಡಿದರೂ 100 ದಿರ್ಹಮ್ ದಂಡ, ಬಾಯಾರಿಕೆಯನ್ನು ಪ್ಲಾಟ್‌ಫಾರ್ಮಿಗೆ ಹೋಗುವ ಮೊದಲೇ ತೀರಿಸಿಕೊಳ್ಳಿ. ಹೆಂಗಸರು, ಮಕ್ಕಳ ಡಬ್ಬಿಗೆ ಗಂಡಸರು ಅವಸರದಲ್ಲಿ ನುಗ್ಗುವುದು ಹೊಸಬರ ಮಾಮೂಲಿ ಎಡವಟ್ಟು.

ತಿಳಿಯದೆ ಆಗುವ ತಪ್ಪುಗಳು

ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಯಕ್ಷಗಾನದ ಆಟಕ್ಕೆ, ಕಾಯಿಲೆಯವರೊಬ್ಬರ ಆಸ್ಪತ್ರೆ ಖರ್ಚಿಗೆಂದು ಕೋಣೆ ಕೋಣೆಗೆ ಹೋಗಿ ಅಥವಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಂದಾ ಎತ್ತುವುದು ನಮಗೆ ಪುಣ್ಯದ ಕೆಲಸ. ಪರವಾನಗಿಯಿಲ್ಲದೆ ಹಣ ಸಂಗ್ರಹಿಸುವುದು ಅಲ್ಲಿ ಅಪರಾಧ. ಕೊಡುವವರು ನೇರವಾಗಿ ಊರಿನ ಬ್ಯಾಂಕ್ ಖಾತೆಗೆ ತಾವೇ ಕಳಿಸಲಿ.

ಸಿಟ್ಟಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬೈದದ್ದಕ್ಕೂ ಅಲ್ಲಿ ಕೇಸು ಆಗುತ್ತದೆ, ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆದದ್ದಕ್ಕೂ. ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಮನೆಗೆ ಮಾತಾಡಲು ಬೋಟಿಮ್‌ನಂಥ ಒಪ್ಪಿಗೆ ಪಡೆದ ಆ್ಯಪ್ ಇದೆ, ಅದನ್ನು ಹೊರಡುವ ಮೊದಲೇ ಮನೆಯವರ ಮೊಬೈಲಿಗೂ ಹಾಕಿಕೊಡಿ. ವಿಪಿಎನ್ ಹಾಕಿ ದಾರಿ ತಪ್ಪಿಸುವ ಗೆಳೆಯರ ಮಾತು ಕೇಳಬೇಡಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ಊಟ ಮುಗಿಸಿ ರಾತ್ರಿ ಹತ್ತಕ್ಕೆ ಕರೆ ಮಾಡಿದರೆ ಸಂತೆಗುಳಿಯಲ್ಲಿ ಹನ್ನೊಂದೂವರೆ.

ಪಾರ್ಕಿಂಗಿನಲ್ಲಿ ನಿಂತ ಕಾರಿನೊಳಗೆ ಲೈಟರ್, ಪವರ್ ಬ್ಯಾಂಕ್, ಸೆಂಟಿನ ಬಾಟಲಿ ಬಿಡಬೇಡಿ. ಮಕ್ಕಳನ್ನಂತೂ ಒಂದು ನಿಮಿಷವೂ ಬಿಡಬಾರದು.

ಮಳೆಯ ವಿಷಯದಲ್ಲಿ ನಮ್ಮವರದ್ದು ವಿಪರೀತ ಧೈರ್ಯ. ಕುಮಟಾದ ಮಳೆ ನೋಡಿದವರಿಗೆ ಅಲ್ಲಿಯ ಹನಿ ಯಾವ ಲೆಕ್ಕ ಎನಿಸಬಹುದು. ಆದರೆ ಆ ಊರಿನ ನೆಲಕ್ಕೆ ನೀರು ಹರಿಸುವ ಹಳ್ಳ, ತೋಡುಗಳಿಲ್ಲ. 2024ರ ಏಪ್ರಿಲ್ 16ರಂದು ಸುರಿದ ಮಳೆಗೆ ವಿಮಾನ ನಿಲ್ದಾಣದ ರನ್‌ವೇಯೇ ಮುಳುಗಿತ್ತು. ಮಳೆಯ ಎಚ್ಚರಿಕೆ ಬಂದರೆ ಅಂಡರ್‌ಪಾಸ್‌ಗೆ ಇಳಿಯಬೇಡಿ.

ತೊಂದರೆ ಬಂದರೆ

ಸಂಬಳ ನಿಂತರೆ ಮೂರು ತಿಂಗಳು ಕಾದು ಕೂರಬೇಡಿ. 2009ರಿಂದ ಅಲ್ಲಿ ಸಂಬಳವನ್ನು ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಕೊಡಿಸುವ ವ್ಯವಸ್ಥೆ ಇದೆ, ತಡವಾದದ್ದು ಸಚಿವಾಲಯದ ಕಂಪ್ಯೂಟರಿನಲ್ಲೇ ಕಾಣುತ್ತದೆ. ಹಾಗಾಗಿ ಬೇಗ ಕೊಟ್ಟ ದೂರಿಗೆ ಬಲ ಹೆಚ್ಚು. ಕಾರ್ಮಿಕ ಸಚಿವಾಲಯದ ಸಲಹೆಗೆ 80084. ಭಾರತೀಯರಿಗಾಗಿ ಇರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 80046342, ಇದು ಉಚಿತ ಕರೆ. ಪೊಲೀಸರಿಗೆ 999, ಆಂಬುಲೆನ್ಸ್‌ಗೆ 998, ಅಗ್ನಿಶಾಮಕಕ್ಕೆ 997. ಇವನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಒಂದು ಚೀಟಿಯಲ್ಲೂ ಬರೆದು ಪರ್ಸಿನಲ್ಲಿಡಿ. 45 ಡಿಗ್ರಿಯ ಬಿಸಿಲಿಗೆ ಮೊಬೈಲೇ ಕಾದು ಆರಿಹೋಗುವುದುಂಟು.